ರಮಾಳ ಎಡಗಣ್ಣು ಮತ್ತು ಒಂದು ಹಿಡಿ ಬೇದಾಣಿ

ಆಗ ನನಗೆ ಅರವತ್ತೆರಡು ವರ್ಷ. ಏಳು ವರ್ಷದ ಹಿಂದಿನ ಮಾತು. ಕಾಯಿಲೆ ಬಂದದ್ದು ನನಗಲ್ಲ, ನನ್ನ ಮೊಮ್ಮಗಳು ರಮಾಳಿಗೆ. ಅವಳಿಗೆ ಆಗ ಒಂಬತ್ತು. ಆದರೆ ಆ ಕಾಯಿಲೆಯನ್ನು ಬಗಲಲ್ಲಿ ಕಟ್ಟಿಕೊಂಡು ದವಾಖಾನೆಗೆ ತಿರುಗಿದವಳು ನಾನು, ಅದಕ್ಕೆ ಹೇಳುವವಳೂ ನಾನೇ. ನಾನು ಕಲಿತದ್ದು ಎರಡನೇ ಇಯತ್ತೆ. ಅಕ್ಷರ ಸೊಟ್ಟ. ನಾನು ಬರೆದದ್ದನ್ನು ರಮಾ ನೆಟ್ಟಗೆ ಮಾಡಿ ಬರೆದುಕೊಟ್ಟಿದ್ದಾಳೆ. "ಆಯಿ, ಇದನ್ನ ತಗೀಲೇನು?" ಎಂದು ನಾಲ್ಕು ಕಡೆ ಕೇಳಿದಳು. ಒಂದು ಹೆಸರು ಬಿಟ್ಟರೆ ಬೇರೇನನ್ನೂ ತೆಗೆಯಲು ಬಿಟ್ಟಿಲ್ಲ.

ನಮ್ಮ ಮನೆ ಉಗಾರ ಖುರ್ದದಲ್ಲಿ. ಮಗ ಮಿಲಿಂದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಸೊಸೆ ಸಂಗೀತಾ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ. ನಾನು ಅಥಣಿ ರಸ್ತೆಯ ಬೇದಾಣಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ಬೇದಾಣಿ ಎಂದರೆ ಒಣದ್ರಾಕ್ಷಿ. ರಾಶಿಯ ಮುಂದೆ ಸಾಲಾಗಿ ಕೂತು ಹಸಿರಿನದನ್ನು ಒಂದು ಕಡೆ, ಹಳದಿಯದನ್ನು ಒಂದು ಕಡೆ, ಕರಿಯದನ್ನು ಒಂದು ಕಡೆ ಹಾಕಿ, ಕಡ್ಡಿ ಕಸ ಬೇರೆ ಮಾಡುವುದು ನಮ್ಮ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ದೇನೆ.

ರಮಾಳಿಗೆ ಸಕ್ಕರೆ ಕಾಯಿಲೆ ಎಂದು ತಿಳಿದದ್ದು ಅದರ ಹಿಂದಿನ ವರ್ಷ. ಅಂಗಳದಲ್ಲಿ ಅವಳು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತಿದ್ದನ್ನು ನೋಡಿದವಳು ನಾನು. ಕೊಡ ನೀರು ಕುಡಿದರೂ ಅವಳ ಬಾಯಾರಿಕೆ ಹೋಗುತ್ತಿರಲಿಲ್ಲ, ಮೈಯೆಲ್ಲ ಎಲುಬಾಗಿತ್ತು. ದವಾಖಾನೆಗೆ ಒಯ್ದೆವು. ದಿನಕ್ಕೆರಡು ಸೂಜಿ, ಬದುಕಿರುವ ತನಕ, ಎಂದರು. ಓಣಿಯ ಹೆಂಗಸರಿಗೆ ನಗೆ. "ಅಪ್ಪ ಕಾರ್ಖಾನ್ಯಾಗ ಸಕ್ಕರಿ ಮಾಡ್ತಾನ, ಮಗಳು ಮೈಯಾಗ ಮಾಡ್ತಾಳ" ಅಂದರು. ಅಂದವಳ ಹೆಸರು ಬರೆದಿದ್ದೆ. ರಮಾ ಬೇಡ ಎಂದು ಕೈ ಹಿಡಿದಳು, ಅದೊಂದನ್ನು ಬಿಟ್ಟೆ.

ಸೂಜಿ ಕೈಗೆ ಕೊಟ್ಟರೆ ಸಂಗೀತಾ ವಾಪಸು ಡಬ್ಬಿಗೇ ಇಡುತ್ತಿದ್ದಳು. ಮಿಲಿಂದ ಎದ್ದು ಹೊರಗೆ ಹೋಗುತ್ತಿದ್ದ. ಆದ್ದರಿಂದ ಸೂಜಿ ಚುಚ್ಚುವ ಕೆಲಸ ನನ್ನದಾಯಿತು. ಅಂಕಿ ನನಗೆ ಬರುತ್ತವೆ, ತಕ್ಕಡಿ ಮುಂದೆ ಮೂವತ್ತು ವರ್ಷ ನಿಂತವಳಿಗೆ ಅಂಕಿ ಬರದೆ ಇರುತ್ತವೆಯೇ? ಬೆರಳು ಚುಚ್ಚಿ ಮಷೀನಿನಲ್ಲಿ ಸಕ್ಕರೆ ನೋಡುವುದನ್ನು ಎರಡೇ ದಿನದಲ್ಲಿ ಕಲಿತೆ.

ಬೇಸಿಗೆ ಬಂತು, ಶಾಲೆಗೆ ಸೂಟಿ. ಸಕ್ಕರೆಯ ಹುಡುಗಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಬಾರದು, ಎಲ್ಲಿ ಬಿದ್ದಿರುತ್ತಾಳೋ ಯಾರಿಗೆ ಗೊತ್ತು. ನನ್ನ ಜೊತೆ ಶೆಡ್ಡಿಗೆ ಕರೆದುಕೊಂಡು ಹೋದೆ. ಬೇದಾಣಿಗೆ ಬಣ್ಣ ಬರಲಿ ಎಂದು ಗಂಧಕದ ಹೊಗೆ ಹಾಕುತ್ತಾರೆ. ಹೊಗೆ ಹಾಕುವ ಕೋಣೆಯ ಬಾಗಿಲು ತೆಗೆದರೆ ಹತ್ತು ಹೆಂಗಸರು ಒಟ್ಟಿಗೆ ಕೆಮ್ಮುತ್ತಾರೆ. ಕಣ್ಣು ಉರಿದು ನೀರು ಸುರಿಯುತ್ತದೆ, ಎರಡು ದಿನ ಎಲ್ಲವೂ ಮಬ್ಬು. ಸುಗ್ಗಿ ಮುಗಿಯುವ ತನಕ ನಮ್ಮೆಲ್ಲರ ಕಣ್ಣೂ ಹಾಗೇ.

ಸೂಟಿ ಅರ್ಧ ಮುಗಿಯುವ ಹೊತ್ತಿಗೆ ರಮಾ ಕಣ್ಣು ಕಿರಿದು ಮಾಡಿ ನೋಡಲು ಶುರು ಮಾಡಿದಳು. ಬಿಸಿಲಿಗೆ ಬಂದರೆ ಮುಖ ತಿರುವುತ್ತಿದ್ದಳು. ಯಾರಾದರೂ ಕರೆದರೆ ತಲೆ ಓರೆ ಮಾಡಿ, ಕೋಳಿ ನೋಡುವ ಹಾಗೆ ಒಂದೇ ಕಣ್ಣಿನಿಂದ ನೋಡುತ್ತಿದ್ದಳು.

ನನ್ನ ಪಕ್ಕ ಕೂರುವವಳು ಕಾಶವ್ವ. ಅವಳಿಗೆ ಕೇಳಿದೆ.

"ಗಂಧಕ ಬೇ, ಮತ್ತೇನ ಇರತೈತಿ?" ಅಂದಳು. "ನಮ್ಮ ಕಣ್ಣ ಆಗಿಲ್ಲೇನು? ರಾತ್ರಿ ಎರಡೆರಡ ಹನಿ ಔಡಲೆಣ್ಣಿ ಬಿಡು. ಇಲ್ಲಿಗೆ ಕರಕೊಂಡ ಬರಬ್ಯಾಡ. ಹದಿನೈದ ದಿನದಾಗ ಕನ್ನಡಿ ಆಗ್ತಾವ."

ನಾನೂ ಅದನ್ನೇ ಅಂದುಕೊಂಡಿದ್ದೆ. ಮೂವತ್ತು ವರ್ಷ ನಮ್ಮ ಕಣ್ಣಿಗೆ ಆದದ್ದೆಲ್ಲ ಗಂಧಕದಿಂದಲೇ ಆಗಿತ್ತು, ಔಡಲೆಣ್ಣೆಯಿಂದಲೇ, ಅಂದರೆ ಹರಳೆಣ್ಣೆಯಿಂದಲೇ, ಹೋಗಿತ್ತು. ಮಗುವಿನ ಕಣ್ಣು ಬೇರೆ ಎಂದು ನಮಗೆ ಹೊಳೆಯಲೇ ಇಲ್ಲ. ರಮಾಳನ್ನು ಪಕ್ಕದ ಮನೆಯಲ್ಲಿ ಬಿಡತೊಡಗಿದೆ. ದಿನಾ ಮಲಗುವಾಗ ಎಣ್ಣೆ ಬಿಟ್ಟೆ. ಹದಿನೈದು ದಿನ ಹೋಯಿತು, ತಿಂಗಳು ಹೋಯಿತು. ಶಾಲೆ ಶುರುವಾಯಿತು. ಶಾಲೆಯ ಅಕ್ಕೋರು ಹೇಳಿಕಳಿಸಿದರು, ಹುಡುಗಿ ಹಲಗೆಯ ಮೇಲಿನದನ್ನು ಬರೆಯುವುದಿಲ್ಲ, ಪಕ್ಕದವಳ ಪಾಟಿ ನೋಡಿ ಬರೆಯುತ್ತಾಳೆ ಎಂದು. ನಾನು ರಮಾಳಿಗೇ ಬೈದೆ. "ಸೂಜಿ ಚುಚ್ಚಿಸಿಕೊಂಡ ಸಾಕಾಗೈತಿ, ಈಗ ಕಣ್ಣಿನ ನಾಟಕ ಸುರು ಮಾಡೀಯೇನ?" ಅಂದೆ. ಹೀಗೆ ಎರಡು ತಿಂಗಳು ಕಳೆದವು. ಇದನ್ನು ತೆಗೆಯಲೇನು ಎಂದು ರಮಾ ಕೇಳಿದ ಒಂದು ಜಾಗ ಇದು. ಬೈದದ್ದು ಖರೆ, ಹಾಗಾಗಿ ಇಲ್ಲೇ ಇರಲಿ.

ಒಂದು ರವಿವಾರ ಶೆಡ್ಡಿನಿಂದ ತಂದ ಒಂದಿಷ್ಟು ಬೇದಾಣಿಯನ್ನು ಮನೆ ಕಟ್ಟೆಯ ಮೇಲೆ ಹರವಿ ಆರಿಸುತ್ತಿದ್ದೆ. ರಮಾ ಎದುರಿಗೆ ಬಂದು ಕೂತಳು. ಸೂಟಿಯ ಶುರುವಿನಲ್ಲಿ, ಶೆಡ್ಡಿನಲ್ಲಿ ಆರಿಸುವಾಗ, ಅವಳ ಕೈ ನನ್ನಷ್ಟೇ ಚುರುಕಿತ್ತು. ಈಗ ಒಂದೊಂದನ್ನೂ ಎತ್ತಿ ಬೆರಳಿನಲ್ಲಿ ಹಿಸುಕಿ ನೋಡುತ್ತಿದ್ದಾಳೆ. ನನ್ನ ಕೈ ಅಲ್ಲಿಗೇ ನಿಂತಿತು. ನಮ್ಮ ಕೆಲಸದಲ್ಲಿ ಆರಿಸುವುದು ಕಣ್ಣು, ಬೆರಳಿನ ಕೆಲಸ ಬರೀ ಎತ್ತುವುದು. ಹಿಸುಕುವವಳು ಕಣ್ಣು ಕಾಣದವಳು. ಕಣ್ಣು ಹೋದ ಮೇಲೆ ಮುದುಕಿಯರು ಹಾಗೆ ಮಾಡುತ್ತಾರೆ, ಮೇಲೆ ನಿಂತು ಕೆಲಸ ಮಾಡಿಸುವ ಮುಕಾದಮ ಅವರನ್ನು ಮರುದಿನವೇ ಮನೆಗೆ ಕಳಿಸುತ್ತಾನೆ.

ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, "ಆರಿಸು" ಅಂದೆ. ನಿಧಾನವಾಗಿ ಆರಿಸಿದಳು, ನಾಲ್ಕೈದು ತಪ್ಪಿದವು. ಬಲಗಣ್ಣನ್ನು ಮುಚ್ಚಿ ಮತ್ತೆ ಆರಿಸು ಅಂದೆ. ಹಸಿರು, ಹಳದಿ, ಕರಿ, ಕಡ್ಡಿ ಎಲ್ಲವನ್ನೂ ತೆಗೆದು ಒಂದೇ ಗುಡ್ಡೆ ಮಾಡಿದಳು.

"ಯಾಕ ಬೇ, ಎಲ್ಲಾ ಕೂಡಸಾಕತ್ತಿ?"

"ಎಲ್ಲಾ ಒಂದ ಬಣ್ಣ ಅದಾವಲ್ಲ ಆಯಿ. ಹಾಲಿನಾಗ ಹಾಕಿದ್ಹಾಂಗ."

ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದೆ. ಎಡಗಣ್ಣಿನ ಕರಿಗುಡ್ಡೆಯ ನಡುವೆ ಬೆಳ್ಳಗೆ ಏನೋ ಕೂತಿತ್ತು. ಅವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಔಡಲೆಣ್ಣೆಯ ಬಾಟಲಿಯನ್ನು ಗಟಾರಕ್ಕೆ ಎಸೆದೆ.

ಸೋಮವಾರ ಪ್ಯಾಸೆಂಜರ್ ಗಾಡಿ ಹಿಡಿದು ಮಿರಜಿಗೆ ಹೋದೆವು. ಕಣ್ಣಿನ ದವಾಖಾನೆ ತುಂಬ ಮುದುಕ ಮುದುಕಿಯರು, ಅರ್ಧ ಮಂದಿಯ ಕಣ್ಣಿಗೆ ಹಸಿರು ಬಟ್ಟೆ. ನನ್ನನ್ನು ನೋಡಿ ಎಲ್ಲರೂ, "ನಿಮ್ಮದು ಬಲಗಣ್ಣೋ ಎಡಗಣ್ಣೋ?" ಎಂದು ಕೇಳುವವರೇ. ಒಬ್ಬ ಮುದುಕ, "ಹೆದರಬ್ಯಾಡ್ರಿ ಆಯಿ, ಇರಿವಿ ಕಡದ್ಹಾಂಗ ಆಗತೈತಿ ಅಷ್ಟ" ಎಂದು ಧೈರ್ಯ ಹೇಳಿದ. ನನಗಲ್ಲ, ಇವಳಿಗೆ, ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು. ಆಮೇಲೆ ಹೇಳುವುದನ್ನು ಬಿಟ್ಟೆ. ಬಿಟ್ಟದ್ದೇ ತಪ್ಪಾಯಿತು.

ನರ್ಸ್ ಬಂದು ನಮ್ಮ ಅಡ್ಡಹೆಸರು ಕೂಗಿದಳು. ಕೈ ಎತ್ತಿದೆ. "ತಲಿ ಮ್ಯಾಲ ಮಾಡ್ರಿ" ಅಂದಳು. ಏನೋ ನೋಡುತ್ತಾಳೆ ಎಂದು ತಲೆ ಎತ್ತಿದೆ. ಟಪ್ ಟಪ್ ಎಂದು ನನ್ನ ಎರಡೂ ಕಣ್ಣಿಗೆ ಔಷಧ ಬಿಟ್ಟಳು!

"ಏ ತಂಗಿ! ನನಗಲ್ಲವಾ, ಹುಡುಗಿಗಿ!"

ಪಾಪ, ಅವಳ ಮುಖ ಬಿಳುಚಿಕೊಂಡಿತು. "ತಪ್ಪಾತ್ರಿ ಆಯಿ, ಇಷ್ಟ ಸಣ್ಣಾಕಿ ಪೇಶಂಟ್ ಅಂತ ತಿಳೀಲಿಲ್ರಿ. ಇದು ಕರಿಗುಡ್ಡಿ ದೊಡ್ಡದ ಮಾಡೋ ಔಷಧ. ನಾಕ ತಾಸ ಮಬ್ಬ ಕಾಣತೈತಿ, ಆಮ್ಯಾಲ ಹೋಗತೈತಿ" ಅಂದಳು. ಸುತ್ತಲಿನ ಮುದುಕರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ರಮಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು, ನಾನು ಬೈಯುವುದನ್ನು ಬಿಟ್ಟೆ.

ಒಳಗೆ ಡಾಕ್ಟರ್ ಬಾಯಿ, ಹೆಣ್ಣು ಡಾಕ್ಟರರಿಗೆ ನಮ್ಮ ಕಡೆ ಹಾಗೇ ಅನ್ನುತ್ತೇವೆ, ರಮಾಳ ಕಣ್ಣಿಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ, "ಮೋತಿಬಿಂದು, ಕಣ್ಣಿನ ಪೊರಿ" ಅಂದರು. "ಎರಡೂ ಕಣ್ಣಿಗೆ. ಎಡಗಣ್ಣಿಂದು ಜಾಸ್ತಿ."

ನನಗೆ ಸಿಟ್ಟು ಬಂತು. "ಮೋತಿಬಿಂದು ಮುದುಕರಿಗೆ ಬರೋದ್ರಿ. ನನಗ ಬರೋದು ಇಕಿಗೆ ಹೆಂಗ ಬಂತು?"

"ಸಕ್ಕರಿ ಇರೋ ಮಕ್ಕಳಿಗೆ ಒಮ್ಮೊಮ್ಮೆ ಬರತೈತಿ ಆಯಿ. ಆಪರೇಶನ್ ಮಾಡಿದ್ರ ಕಾಣತೈತಿ. ಆದರ ಈ ಸಕ್ಕರಿ ಇಟ್ಕೊಂಡು ಮಾಡೂದಿಲ್ಲ. ಮೂರ ವಾರ ಟೈಮ್ ಕೊಡ್ತೀನಿ, ಕೆಳಗ ಇಳಿಸಿಕೊಂಡ ಬರ್ರಿ."

"ಗಂಧಕದಿಂದ ಆಗಿದ್ದಲ್ಲೇನ್ರಿ?"

"ಅಲ್ಲ."

"ನಾ ಎರಡ ತಿಂಗಳ ಔಡಲೆಣ್ಣಿ ಬಿಟ್ಟೆ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಎಣ್ಣಿಯಿಂದ ಬಂದದ್ದಲ್ಲ, ಎಣ್ಣಿಯಿಂದ ಹೋಗೂದೂ ಅಲ್ಲ. ಇನ್ನ ಮ್ಯಾಲ ಕಣ್ಣಾಗ ಏನೂ ಹಾಕಬ್ಯಾಡ್ರಿ. ಬಂದಿರಲ್ಲ, ಅದು ಮುಖ್ಯ" ಅಂದರು. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ.

ವಾಪಸು ಬರುವಾಗ ನನ್ನ ಕಣ್ಣಿಗೆ ಬಿದ್ದ ಔಷಧದ ಅರ್ಥ ಆಯಿತು. ಸ್ಟೇಶನ್ನಿನಲ್ಲಿ ಬಿಸಿಲು ಸೂಜಿಯ ಹಾಗೆ ಚುಚ್ಚುತ್ತಿತ್ತು. ಕೈಯಲ್ಲಿನ ರೊಟ್ಟಿ ಮೇಲೆ ಪಲ್ಯ ಯಾವುದು, ಚಟ್ನಿ ಯಾವುದು ತಿಳಿಯಲಿಲ್ಲ. ಗಾಡಿಯ ಮೆಟ್ಟಿಲು ಕಾಣದೆ ಮುಂಗಾಲು ತಾಗಿ ಬೀಳುವುದರಲ್ಲಿದ್ದೆ. ರಮಾ ಕೈ ಹಿಡಿದಳು.

"ಹುಷಾರ ಆಯಿ. ಮೊದಲ ಕಾಲಿಲೆ ತಡವಿ ನೋಡು, ಆಮ್ಯಾಲ ಭಾರ ಹಾಕು. ನಾ ದಿನಾ ಹಂಗ ಮಾಡ್ತೀನಿ."

ದಿನಾ ಹಾಗೆ ಮಾಡುತ್ತಾಳಂತೆ. ನಾನು ನಾಟಕ ಅಂದಿದ್ದೆ. ನನಗೆ ನಾಲ್ಕು ತಾಸು, ಅವಳಿಗೆ ಎರಡು ತಿಂಗಳು. ಕಿಡಕಿಯ ಕಡೆ ಮುಖ ಮಾಡಿ ಕೂತೆ. ಹೇಗೂ ಏನೂ ಕಾಣುತ್ತಿರಲಿಲ್ಲ.

ಮನೆಯಲ್ಲಿ ಮಿಲಿಂದ ಒಪ್ಪಲಿಲ್ಲ. "ಸಕ್ಕರಿ ಇದ್ದವರ ಗಾಯ ಮಾಯೂದಿಲ್ಲ ಯವ್ವಾ. ನಮ್ಮ ಕಾರ್ಖಾನ್ಯಾಗ ಒಬ್ಬಂವಾ ಹೆಬ್ಬೆರಳ ಕೊಯ್ಕೊಂಡ, ಕಾಲೇ ತಗದ್ರು. ಇದು ಕಣ್ಣು. ದೊಡ್ಡಾಕಿ ಆಗ್ಲಿ, ಆಮ್ಯಾಲ ನೋಡೂಣು."

"ಅಲ್ಲಿ ತನಕ ಏನ ಮಾಡಬೇಕು ಆಕಿ?"

"ಒಂದ ಕಣ್ಣಾರ ಐತಲ್ಲ."

ಸಂಗೀತಾ ಗೋಡೆ ಹಿಡಿದು ನಿಂತಿದ್ದಳು. ಹೆಂಡತಿಯಾಗಿ ಅವಳಿಗೆ ಆಡಲಾಗದ್ದನ್ನು ತಾಯಿಯಾಗಿ ನಾನು ಆಡಬೇಕಾಯಿತು. ಒಲೆಯ ಪಕ್ಕ ಹಾಲಿನ ಖಾಲಿ ಪಾಕೀಟು ಬಿದ್ದಿತ್ತು. ಕತ್ತರಿಸಿ, ತೊಳೆದು, ದಾರ ಪೋಣಿಸಿ ಅವನ ಮುಂದೆ ಹಿಡಿದೆ. "ಇದನ್ನ ಕಣ್ಣಿಗಿ ಕಟ್ಕೊ. ಕಟ್ಕೊಂಡು ನಾಳಿ ಕಾರ್ಖಾನಿಗಿ ಹೋಗು. ಸಂಜಿತನಕ ಕೆಲಸ ಮಾಡಿ ಬಂದಿ ಅಂದ್ರ ಆಪರೇಶನ್ ಬ್ಯಾಡ."

"ಹುಚ್ಚ ಹಿಡದೈತೇನ ನಿನಗ?"

"ಕಟ್ಕೊಳೋ."

ಕಟ್ಟಿಕೊಂಡ. ಎದ್ದು ಬಾಗಿಲಿನ ತನಕ ಹೋಗಿ ನೀರಿನ ಕೊಡ ಒದ್ದು ಬೀಳಿಸಿದ. ರಮಾ, "ಎಡಕ್ಕ ಅಪ್ಪಾ, ಎಡಕ್ಕ" ಎಂದು ದಾರಿ ಹೇಳುತ್ತಿದ್ದಳು. ಅವನು ಪಾಕೀಟು ಬಿಚ್ಚಿ ಕೆಳಗೆ ಇಟ್ಟ. ಬಿದ್ದ ಕೊಡವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ. ಆಮೇಲೆ, "ಯಾವಾಗ ರಜಾ ಹಾಕಬೇಕು?" ಅಂದ.

ಆ ಮೂರು ವಾರ ನಾನು ಶೆಡ್ಡಿಗೆ ಹೋಗಲಿಲ್ಲ. ಸಕ್ಕರೆ ಯಾಕೆ ಇಳಿಯುತ್ತಿಲ್ಲ ಎಂದು ಹುಡುಕಿದರೆ, ಅವಳ ಫ್ರಾಕಿನ ಕಿಸೆಯಲ್ಲಿ ಬೇದಾಣಿಯ ಕಡ್ಡಿ ಸಿಕ್ಕವು. ಬೇಸಿಗೆಯಿಡೀ ಶೆಡ್ಡಿನಲ್ಲಿ ಕದ್ದು ತಿಂದಿದ್ದಾಳೆ, ಮನೆಗೆ ಬಂದ ಮೇಲೆ ನನ್ನ ಚೀಲದಿಂದ ತಿಂದಿದ್ದಾಳೆ. ಸಕ್ಕರೆ ಕಾಯಿಲೆಯ ಮಗುವನ್ನು ದ್ರಾಕ್ಷಿಯ ರಾಶಿಯ ಮುಂದೆ ತಂದು ಕೂರಿಸಿದವಳು ಯಾರು? ನಾನೇ. ಯಾರಿಗೆ ಬೈಯಲಿ? ಮನೆಯಲ್ಲಿ ಬೇದಾಣಿ ಬಂದ್ ಮಾಡಿದೆ, ಬೆಲ್ಲ ಬಂದ್ ಮಾಡಿದೆ, ಎಲ್ಲರ ಚಹಾದಲ್ಲಿ ಸಕ್ಕರೆ ಬಂದ್ ಮಾಡಿದೆ. "ಸಕ್ಕರಿ ಕಾರ್ಖಾನ್ಯಾಗ ದುಡದು ಸಪ್ಪನ ಚಾ ಕುಡಿಯಾಂವ ಈ ಊರಾಗ ನಾ ಒಬ್ಬನ" ಎಂದು ಮಿಲಿಂದ ಗೊಣಗಿದ. ಕುಡಿ, ಅಂದೆ.

ರಮಾ ಒಂದು ಸಲವೂ ಹಟ ಮಾಡಲಿಲ್ಲ. ಒಂದು ದಿನ ಮಧ್ಯಾಹ್ನ ಮಾತ್ರ ಸಕ್ಕರೆ ಪೂರ್ತಿ ಇಳಿದು ಮೈ ಬೆವತು ನಡುಗತೊಡಗಿದಳು. ಡಾಕ್ಟರರು ಹೇಳಿಕೊಟ್ಟಿದ್ದ ಹಾಗೆ ಗ್ಲುಕೋಸ್ ಪುಡಿ ಬಾಯಿಗೆ ಹಾಕಿದೆ. ಕಣ್ಣು ಬಿಟ್ಟು, "ಇದು ಬೇದಾಣಿಯಷ್ಟು ರುಚಿ ಇಲ್ಲ" ಅಂದಳು. ಹೊಡೆಯಬೇಕು ಅನಿಸಿತು, ತಲೆ ಸವರಿದೆ.

ಮೂರು ವಾರದ ಮೇಲೆ ಹೋದಾಗ ಸಕ್ಕರೆ ಇನ್ನೂ ಸ್ವಲ್ಪ ಮೇಲೆ ಇತ್ತು. ಮುಂದಿನ ವಾರ ಬರ್ರಿ ಎಂದು ವಾಪಸು ಕಳಿಸಿದರು. ಅವತ್ತು ಸಂಗೀತಾ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಇನ್ನೊಂದು ವಾರ ಬೆಳಿಗ್ಗೆ ಸಂಜೆ ಬೆರಳು ಚುಚ್ಚಿದೆವು. ಮತ್ತೆ ಹೋದೆವು. ಡಾಕ್ಟರ್ ಬಾಯಿ ಕಾಗದ ನೋಡಿದರು, ನನ್ನ ಮುಖ ನೋಡಿದರು. "ನಾಳಿ ಮುಂಜಾನೆ ಮಾಡ್ತೀವಿ" ಅಂದರು.

ಆಪರೇಶನ್ ಕೋಣೆಯ ಹೊರಗೆ ಕೂರಲು ಉದ್ದನೆಯ ಬಾಕು. ಸಂಗೀತಾ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ಮಿಲಿಂದ ನಾಲ್ಕು ಸಲ ಚಹಾ ಕುಡಿಯಲು ಹೋಗಿ ನಾಲ್ಕು ಸಲವೂ ಕುಡಿಯದೆ ಬಂದ. ನಾನು ಅಳಲಿಲ್ಲ. ಅತ್ತರೆ ಒಳಗಿನ ಕೆಲಸ ಬೇಗ ಮುಗಿಯುತ್ತದೆಯೇನು? ಪಕ್ಕದಲ್ಲಿ ಹಸಿರು ಬಟ್ಟೆಯ ಮುದುಕಿಯೊಬ್ಬಳು, "ಒಳಗ ಯಾರು, ನಿಮ್ಮ ಯಜಮಾನ್ರೇನ್ರಿ?" ಎಂದು ಕೇಳಿದಳು. "ಮೊಮ್ಮಗಳು" ಅಂದೆ. ಅವಳು ಎದ್ದು, ಬೆನ್ನಿಗೆ ಗೋಡೆ ಸಿಗುವ ತನ್ನ ಜಾಗವನ್ನು ನನಗೆ ಬಿಟ್ಟುಕೊಟ್ಟು, ಬಾಕಿನ ತುದಿಗೆ ಹೋಗಿ ಕೂತಳು. ಅವಳ ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ. ಆ ಗೋಡೆಯ ತಂಪು ನನ್ನ ಬೆನ್ನಿಗೆ ಇನ್ನೂ ನೆನಪಿದೆ.

ಮರುದಿನ ಕಣ್ಣಿನ ಬಟ್ಟೆ ಬಿಚ್ಚಿದರು. ಬಲಗಣ್ಣು ಮುಚ್ಚಿ ಡಾಕ್ಟರ್ ಬಾಯಿ ಬೆರಳು ತೋರಿಸಿದರು. ರಮಾ, "ಎರಡು. ನಾಕು. ಮೂರು" ಅಂದಳು. ಸಂಗೀತಾ ಗೋಡೆಗೆ ಹಣೆ ಇಟ್ಟಳು. ಮಿಲಿಂದ ಡಾಕ್ಟರ್ ಬಾಯಿಯ ಕಾಲು ಮುಟ್ಟಲು ಹೋದ, ಅವರು ಹಿಂದೆ ಸರಿದರು.

ನಾನು ಸೊಂಟದ ಚಂಚಿ ಬಿಚ್ಚಿದೆ. ಎಲೆ ಅಡಿಕೆಯ ಪಕ್ಕದ ಅರೆಯಲ್ಲಿ ಒಂದು ಹಿಡಿ ಬೇದಾಣಿ ಇಟ್ಟುಕೊಂಡು ಬಂದಿದ್ದೆ. ಹಾಸಿಗೆಯ ಮೇಲೆ ಸುರುವಿದೆ.

"ಇದೇನ್ರಿ ಆಯಿ?" ಎಂದರು ಡಾಕ್ಟರ್ ಬಾಯಿ.

"ನಿಮ್ಮ ಪರೀಕ್ಷಾ ಆತ್ರಿ. ಈಗ ನಂದು." ರಮಾಳ ಬಲಗಣ್ಣು ಇನ್ನೂ ಮುಚ್ಚಿಯೇ ಇತ್ತು. "ಆರಿಸು ಬೇ. ಬಾಯಾಗ ಹಾಕೀಯಂದ್ರ ನೋಡು."

ಆರಿಸಿದಳು. ಹಸಿರು ಇತ್ತ, ಹಳದಿ ಅತ್ತ, ಕರಿ ಬೇರೆ. ಬೆರಳು ಹಿಸುಕಲಿಲ್ಲ. ಹಾರಿ ಹೋಗಿ ಎತ್ತಿಕೊಂಡು ಬರುತ್ತಿತ್ತು. ಕೂದಲೆಳೆಯಷ್ಟು ಸಣ್ಣ ಕಡ್ಡಿಯೊಂದನ್ನು ಎತ್ತಿ ನನ್ನ ಕೈಯಲ್ಲಿ ಇಟ್ಟಳು. ಅದು ನನಗೇ ಕಂಡಿರಲಿಲ್ಲ. ಒಂದೂ ತಪ್ಪಲಿಲ್ಲ. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದಳು. ನೋಡಿದಳು, ನೋಡಿದಳು.

"ಆಯಿ, ನಿನಗ ಗಡ್ಡ ಐತಿ!"

ಡಾಕ್ಟರ್ ಬಾಯಿ ಮೊದಲು ನಕ್ಕರು, ಆಮೇಲೆ ನರ್ಸ್, ಆಮೇಲೆ ಇಡೀ ವಾರ್ಡು. ಗಲ್ಲದ ಮೇಲೆ ನಾಲ್ಕು ಕೂದಲು ಇರುವುದು ಖರೆ. ಅವತ್ತು ಅವು ಇದ್ದದ್ದು ಒಳ್ಳೆಯದೇ ಆಯಿತು.

ಬಲಗಣ್ಣಿನ ಆಪರೇಶನ್ ಆಮೇಲೆ ಆಯಿತು. ಎರಡನೇ ಸಲಕ್ಕೆ ಯಾರಿಗೂ ಅಷ್ಟು ಹೆದರಿಕೆ ಇರಲಿಲ್ಲ. ರಮಾಳಿಗೆ ಈಗ ಹದಿನಾರು. ಓದುವಾಗ ಚಷ್ಮಾ ಹಾಕುತ್ತಾಳೆ, ತನ್ನ ಸೂಜಿ ತಾನೇ ಚುಚ್ಚಿಕೊಳ್ಳುತ್ತಾಳೆ. ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು, ಸಕ್ಕರೆ ಕಣ್ಣಿನ ಹಿಂದೆ ಹೋಗಿ ಕೂತರೆ ಹೊರಗೆ ತಿಳಿಯುವುದಿಲ್ಲ ಎಂದು ಡಾಕ್ಟರ್ ಬಾಯಿ ಹೇಳಿದ್ದಾರೆ. ಒಂದು ವರ್ಷವೂ ತಪ್ಪಿಸಿಲ್ಲ. ಕಣ್ಣಿಗೆ ಔಷಧ ಬಿಡುವ ಹೊತ್ತಿಗೆ ನಾನು ಎದ್ದು ದೂರ ನಿಲ್ಲುತ್ತೇನೆ.

ಈಗ ಎಡಗಣ್ಣು ಗೆದ್ದು ಊರಿಗೆ ಬಂದ ದಿನದ ಮಾತು. ಸಂಜೆ ಓಣಿಯ ಮಂದಿ ನೋಡಲು ಬಂದರು. ಸಕ್ಕರೆಯ ಮಾತಾಡಿ ನಕ್ಕಿದ್ದವಳೂ ಬಂದಳು. ರಮಾ ಹೊಸಿಲ ಮೇಲೆ ಕೂತು ಅವಳಿಗೆ, "ಕಾಕು, ನಿನ್ನ ಸೀರಿ ಅಂಚಿನಾಗ ತೂತ ಐತಿ" ಅಂದಳು. ನನಗೆ ಅಷ್ಟು ಸಾಕಾಯಿತು.

ಮರುದಿನ ಬೆಳಿಗ್ಗೆ ಎದ್ದು ರಮಾಳಿಗೆ ಸೂಜಿ ಚುಚ್ಚಿ, ಕಣ್ಣಿಗೆ ಹನಿ ಹಾಕಿ, ಸಂಗೀತಾಳ ಕೈಗೆ ಒಪ್ಪಿಸಿ ಟೆಂಪೋ ಹತ್ತಿದೆ. ಶೆಡ್ಡಿಗೆ ಹೋದರೆ ಕಾಶವ್ವ ತಲೆ ತಗ್ಗಿಸಿ ಕೂತಿದ್ದಳು. "ಔಡಲೆಣ್ಣಿ ಹೇಳಿದಾಕಿ ನಾನ ಬೇ" ಅಂದಳು. "ನೀ ಹೇಳಿದಿ, ನಾ ಹಾಕಿದೆ. ಇಬ್ಬರೂ ಹುಚ್ಚಿಯರು" ಅಂದೆ. "ಏಳು. ನಿನ್ನ ಮೊಮ್ಮಗಳೆಲ್ಲಿ?"

ಅವತ್ತು ಶಾಲೆಗೆ ಸೂಟಿ, ಹೊರಗೆ ಬೇವಿನ ಗಿಡದ ಕೆಳಗೆ ಹೆಂಗಸರ ಮಕ್ಕಳೆಲ್ಲ ಆಡುತ್ತಿದ್ದರು. ಹತ್ತು ಹನ್ನೆರಡು ಇದ್ದವು. ಗೋಣಿಚೀಲ ಹಾಸಿ, ಒಂದು ಹಿಡಿ ಬೇದಾಣಿ ಸುರುವಿ, ಎಲ್ಲವನ್ನೂ ಸಾಲಾಗಿ ಕೂರಿಸಿದೆ. ಮುಕಾದಮ ಓಡಿ ಬಂದ.

"ಏನ ಮುದುಕಿ, ತಿಂಗಳಾದ ಮ್ಯಾಲ ಬಂದು ಕೆಲಸ ಬಿಟ್ಟು ಸಾಲಿ ತಗದೀಯೇನು?"

"ನಿನಗೂ ಒಬ್ಬಾಕಿ ಮಗಳ ಅದಾಳಲ್ಲ" ಅಂದೆ. "ಹೋಗಿ ಕರಕೊಂಡ ಬಾ."

ಅವನು ನಿಂತ. ನಾನು ಕಾಶವ್ವನ ಮೊಮ್ಮಗಳ ಮುಂದೆ ಕೂತು, ಅವಳ ಬಲಗಣ್ಣಿನ ಮೇಲೆ ಅಂಗೈ ಇಟ್ಟು, "ಆರಿಸು" ಅಂದೆ.